ಭಾಗಾಕಾರ ಮಾಡಿ ವಿಮಾನ ಹತ್ತಬೇಡಿ

ವಿಮಾನದ ದಾರಿ, ಇಂಧನದ ಲೆಕ್ಕ ಹಾಕುವುದೇ ನನ್ನ ಕೆಲಸ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟವರಿಂದ ಒಂದೇ ಪ್ರಶ್ನೆ ಹತ್ತು ವೇಷದಲ್ಲಿ ಬರುತ್ತಿದೆ. ಒಂದೇ ಸಲ ಹೇಳಿ ಮುಗಿಸುತ್ತೇನೆ.

ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 14,000 ಕಿ.ಮೀ. ವಿಮಾನದ ವೇಗ ಗಂಟೆಗೆ 900. ಅಂದರೆ ಹದಿನೈದೂವರೆ ಗಂಟೆ. ನೇರ ವಿಮಾನಕ್ಕೂ ಅದಕ್ಕಿಂತ ಜಾಸ್ತಿ ಯಾಕೆ? ಹೋಗುವ ಹೊತ್ತೇ ಬೇರೆ, ಬರುವ ಹೊತ್ತೇ ಬೇರೆ ಯಾಕೆ?

ಉತ್ತರ: ಮೊದಲು ಆ 14,000. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಎಳೆದು ನೋಡಿ. ಅದು ಟಿಬೆಟ್, ಸೈಬೀರಿಯಾ ದಾಟಿ ಆರ್ಕ್ಟಿಕ್ ಅಂಚಿಗೆ ಹೋಗುತ್ತದೆ. ವಿಮಾನ ಆ ದಾರದ ಮೇಲೆ ಹಾರುವುದಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ! ಜೊತೆಗೆ ಯಾವ ದೇಶ ತನ್ನ ಆಕಾಶದಲ್ಲಿ ಹಾರಲು ಬಿಡುತ್ತಿಲ್ಲ ಅಂತಲೂ ನೋಡಬೇಕು.

ಇನ್ನು 900. ಅದು ಗಾಳಿಗೆ ಹೋಲಿಸಿದ ವೇಗ, ನೆಲಕ್ಕಲ್ಲ. ಹೊಳೆಯಲ್ಲಿ ತೆಪ್ಪ ಹೋದ ಹಾಗೆ. ವಿಮಾನ ಹಾರುವ ಎತ್ತರದಲ್ಲೇ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತದೆ. ಗಂಟೆಗೆ 200 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನಿಮ್ಮ ವೇಗ 1,100. ಅದೇ ಎದುರಾದರೆ 700. ಚಳಿಗಾಲದಲ್ಲಿ ಅದರ ಜೋರು ಇನ್ನೂ ಜಾಸ್ತಿ.

2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಗೆ ತಿರುಗಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಯಿತು, ಆದರೆ ಗಾಳಿ ಬೆನ್ನಿಗೆ ಸಿಕ್ಕಿ ಪ್ರಯಾಣ ಎರಡು ಗಂಟೆಯಷ್ಟು ಕಡಿಮೆಯಾಯಿತು. ನಿಮ್ಮ ಭಾಗಾಕಾರ ಇದನ್ನು ಹೇಗೆ ಹೇಳುತ್ತದೆ? ವಾಪಸ್ ಅದೇ ದಾರಿಯಲ್ಲಿ ಬಂದರೆ ಎದುರುಗಾಳಿ. ಹಾಗಾಗಿ ಉತ್ತರಕ್ಕೆ ಸರಿಯುವುದೂ ಉಂಟು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಹಾರಿಸಿದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿಂದ. ಈ ದಾರಿಯನ್ನು ದಿನಾ ಹೊಸದಾಗಿ ಹಾಕುತ್ತೇವೆ, ಗಾಳಿ ನೋಡಿಕೊಂಡು. ವೆಬ್‌ಸೈಟ್ ತೋರಿಸುವ ಗಂಟೆ ಬರೀ ಅಂದಾಜು.

ಪ್ರಶ್ನೆ: ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದಂತೆ. ಮೂರೇ ಗಂಟೆಯಾ?

ಉತ್ತರ: ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರ ಇರುತ್ತದೆ. ಚಳಿಗಾಲದಲ್ಲಿ ಆ ಮೂರಕ್ಕೆ ಹದಿಮೂರೂವರೆ ಗಂಟೆ ಸೇರಿಸಿಕೊಳ್ಳಿ.

ಪ್ರಶ್ನೆ: ಭೂಮಿ ತಿರುಗುತ್ತಲ್ವಾ? ವಿಮಾನ ಮೇಲೇರಿ ಸುಮ್ನೆ ನಿಂತರೆ ಅಮೆರಿಕವೇ ಕೆಳಗೆ ಬರುತ್ತೆ ಅಂತ ಒಂದು ವಿಡಿಯೊ ಬಂದಿದೆ. ಬರಲ್ವಾ?

ಉತ್ತರ: ಬರಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಆ ವಿಡಿಯೊ ಕಳಿಸಿದವರನ್ನು ಬ್ಲಾಕ್ ಮಾಡಿ.

ಪ್ರಶ್ನೆ: ನಡುವೆ ವಿಮಾನ ಬದಲಿಸಲು ಒಂದೂಕಾಲು ಗಂಟೆ ಸಾಕು ಅಂತಾರೆ ಏಜೆಂಟ್. ಅಮ್ಮನಿಗೆ 68 ವರ್ಷ.

ಉತ್ತರ: ಗೇಟ್ ಹುಡುಕಿಕೊಂಡು ಓಡುವುದು ಏಜೆಂಟ್ ಅಲ್ಲ, ನಿಮ್ಮಮ್ಮ. ನನ್ನಮ್ಮನಿಗೆ ನಾನು ನಾಲ್ಕು ಗಂಟೆ ಇಟ್ಟು ಟಿಕೆಟ್ ಮಾಡಿಸಿದ್ದೆ. ಕೂತು ಕೂತು ಬೇಜಾರಾಯಿತು ಅಂತ ಈಗಲೂ ಬೈಯುತ್ತಾರೆ. ಬೈಯಲಿ. ವೀಲ್‌ಚೇರ್ ಈಗಲೇ ಹೇಳಿಡಿ.