ಆಸ್ಟ್ರೇಲಿಯಾದ ‘ಮೆನ್ಸ್ ಶೆಡ್’ ಒಂಟಿ ಗಂಡಸರಿಗೆ ಹೇಗೆ ನೆರವಾಗುತ್ತದೆ?

ನಿವೃತ್ತಿಯಿಂದಲೋ ಪತ್ನಿಯ ಅಗಲಿಕೆಯಿಂದಲೋ ಒಂಟಿಯಾದ ಗಂಡಸರು ಒಟ್ಟಿಗೆ ಸೇರಿ ಮರಗೆಲಸ, ಲೋಹದ ಕೆಲಸ, ಸೈಕಲ್ ರಿಪೇರಿ ಮುಂತಾದವುಗಳಲ್ಲಿ ತೊಡಗುವ ಸಮುದಾಯ ಕಾರ್ಯಾಗಾರವೇ ಮೆನ್ಸ್ ಶೆಡ್. ವಿಕ್ಟೋರಿಯಾ ರಾಜ್ಯದ ಟೊಂಗಾಲದಲ್ಲಿ 1998ರಲ್ಲಿ ಈ ಹೆಸರಿನಲ್ಲೇ ಒಂದು ಶೆಡ್ ಆರಂಭವಾಯಿತು. 2007ರಲ್ಲಿ ರಾಷ್ಟ್ರೀಯ ಸಂಘ ರೂಪುಗೊಂಡಿತು. ಬಳಿಕ ಐರ್ಲೆಂಡ್, ಬ್ರಿಟನ್‌ಗಳಿಗೂ ಇದು ಹಬ್ಬಿತು.

ಗಂಡಸರು ಮುಖಾಮುಖಿಯಾಗಿ ಅಲ್ಲ, ಹೆಗಲಿಗೆ ಹೆಗಲು ಕೊಟ್ಟು ನಿಂತಾಗ ಮಾತನಾಡುತ್ತಾರೆ ಎಂಬುದು ಈ ಚಳವಳಿಯ ತಿಳಿವಳಿಕೆ. ಎದುರಿಗೆ ಕೂರಿಸಿ ಕಷ್ಟ ಕೇಳಿದರೆ ಬಾಯಿಬಿಡದ ವ್ಯಕ್ತಿಯೂ, ಪಕ್ಕದವನ ಜೊತೆ ಹಲಗೆ ಉಜ್ಜುತ್ತಾ, ಕಣ್ಣು ಕೈಗೆಲಸದ ಮೇಲಿರುವಾಗಲೇ, ತನ್ನ ಕಾಯಿಲೆಯ ಅಥವಾ ನಿದ್ದೆಯಿಲ್ಲದ ರಾತ್ರಿಗಳ ವಿಷಯವನ್ನು ಸಹಜವಾಗಿ ಹೇಳಿಬಿಡುತ್ತಾನೆ. ಕಸುಬು ಗೊತ್ತಿರಲೇಬೇಕೆಂದಿಲ್ಲ, ಬರೀ ಚಹಾ ಕುಡಿದು ಹರಟಲು ಬರುವವರಿಗೂ (ನನ್ನ ಪ್ರಕಾರ ಅದೇ ಅಲ್ಲಿನ ಮುಖ್ಯ ಕೆಲಸ) ಸ್ವಾಗತವಿದೆ.