ಸ್ಟೀರಿಯೊ ಸ್ಲೈಡ್ ಪ್ರದರ್ಶನದಲ್ಲಿ ಚಿತ್ರವೇ ಆಳವನ್ನು ತೋರಿಸುವಾಗ ನಿರೂಪಣೆ ಏಕೆ ಬೇಕು?

ಒಂದೇ ದೃಶ್ಯದ ಎರಡು ಚಿತ್ರಗಳನ್ನು ಎಡ, ಬಲ ಕಣ್ಣುಗಳಿಗೆ ಬೇರೆಬೇರೆಯಾಗಿ ತೋರಿಸುವ ಈ ಪ್ರದರ್ಶನದಲ್ಲಿ ಆಳವು ಕಣ್ಣಿಗೆ ತಾನಾಗಿ ಒದಗುತ್ತದೆ ಎಂಬುದು ನಿಜ. ಆದರೆ ಆ ಆಳದಲ್ಲಿ ಯಾವುದನ್ನು ನೋಡಬೇಕು, ಅದು ಏಕೆ ಮುಖ್ಯ ಎಂಬುದನ್ನು ಚಿತ್ರವೊಂದೇ ಹೇಳಲಾರದು.

ಇದು ಹಳೆಯ ಅನುಭವ. 1900ರ ಆಸುಪಾಸಿನಲ್ಲಿ ಅಮೆರಿಕದ ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಕಂಪನಿಯು ದೂರದೇಶಗಳ ಸ್ಟೀರಿಯೊ ಚಿತ್ರಗಳನ್ನು ಪೆಟ್ಟಿಗೆಗಳಲ್ಲಿ ಮಾರುವಾಗ, ಪ್ರತಿ ಚಿತ್ರದಲ್ಲಿ ನೋಡುಗ ಎಲ್ಲಿ ನಿಂತು ಯಾವ ದಿಕ್ಕಿಗೆ ನೋಡುತ್ತಿದ್ದಾನೆಂದು ವಿವರಿಸುವ ಕೈಪಿಡಿಯನ್ನೂ ನಕ್ಷೆಗಳನ್ನೂ ಜೊತೆಗೆ ಕೊಡುತ್ತಿತ್ತು. ಪರದೆಯ ಪ್ರದರ್ಶನದಲ್ಲಿ ಆ ಕೈಪಿಡಿಯ ಕೆಲಸವನ್ನು ನಿರೂಪಕನ ದನಿಯೇ ಮಾಡಬೇಕು, ಏಕೆಂದರೆ ಕತ್ತಲಲ್ಲಿ, ಪ್ರತಿ ಕಣ್ಣಿಗೆ ಅದರ ಚಿತ್ರವನ್ನಷ್ಟೇ ಬಿಡುವ ಧ್ರುವೀಕರಣ ಕನ್ನಡಕ ಹಾಕಿ ಕುಳಿತವರು ಏನನ್ನೂ ಓದಲಾರರು.

ಎಡ ಮತ್ತು ಬಲ ಕಣ್ಣುಗಳಿಗೆ ಬೇರೆಬೇರೆಯಾಗಿ ತಲುಪುವ ಚಿತ್ರಗಳನ್ನು ಮಿದುಳು ಒಂದಾಗಿ ಹೊಂದಿಸಿಕೊಂಡು, ನೋಟವು ಮುನ್ನೆಲೆಯ ಕೊಂಬೆಯಿಂದ ಹಿಂದಿನ ಬೆಟ್ಟದವರೆಗೆ ಸಂಚರಿಸಲು ಸ್ವಲ್ಪ ಸಮಯ ಬೇಕಾಗುವುದರಿಂದ, ಹೊಸ ಸ್ಲೈಡ್ ಬಂದ ಕೂಡಲೇ ಮಾತು ಆರಂಭಿಸದಿರುವುದೇ ಒಳ್ಳೆಯ ನಿರೂಪಣೆಯ ಮೊದಲ ಲಕ್ಷಣವೆಂದು ನಾನು ದೃಢವಾಗಿ ನಂಬುತ್ತೇನೆ. ಬಳಿಕ ಹೇಳುವ ಮಾತು ಚಿತ್ರದಲ್ಲಿ ಕಾಣದ್ದನ್ನೇ ಹೇಳಲಿ. ‘ಇಲ್ಲಿ ಜಲಪಾತವಿದೆ’ ಎಂಬುದು ವ್ಯರ್ಥ; ಅದರ ಎತ್ತರ, ಸದ್ದು, ಮಳೆಗಾಲದಲ್ಲಿ ಅಲ್ಲಿಗೆ ತಲುಪುವ ಕಷ್ಟ, ಇವು ಉಪಯುಕ್ತ. ಎತ್ತರದ ಮಾತು ವಿಶೇಷವಾಗಿ ಬೇಕು: ಎರಡು ಮಸೂರಗಳ ನಡುವಿನ ಅಂತರವನ್ನು ಬಹಳ ಹೆಚ್ಚಿಸಿ ತೆಗೆದ ಚಿತ್ರದಲ್ಲಿ ದೊಡ್ಡ ಬೆಟ್ಟವೂ ಆಟಿಕೆಯಷ್ಟು ಚಿಕ್ಕದಾಗಿ ತೋರುತ್ತದೆ, ಅದರ ನಿಜವಾದ ಗಾತ್ರವನ್ನು ಮಾತಿನಿಂದಲೇ ತಿಳಿಸಬೇಕಾಗುತ್ತದೆ.

ಕ್ಯಾಮೆರಾ, ಫಿಲ್ಮು, ಮಸೂರಗಳ ವಿವರಗಳು ಸಾಮಾನ್ಯ ಪ್ರೇಕ್ಷಕರಿಗೆ ಬೇಡ. ಕೇಳಿದವರಿಗೆ ಪ್ರದರ್ಶನ ಮುಗಿದ ಮೇಲೆ ಹೇಳಬಹುದು.