ಅವ್ವಗ ಹೋದ ವರ್ಷದ ಫ್ಲೂ ಇಂಜೆಕ್ಷನ್ ಸಾಕಾಗೂದಿಲ್ಲ

ಜಮಖಂಡಿಯ ಅಣ್ಣಾರ, ಸಕ್ಕರೆ ಕಾಯಿಲೆ ಇರುವ 72 ವರ್ಷದ ತಾಯಿಗೆ ಹೋದ ವರ್ಷ ಲಸಿಕೆ ಹಾಕಿಸಿದ್ದೀರಿ, ಮತ್ತೆ ಬೇಕಾ ಅಂತ ಕೇಳಿದ್ದೀರಿ. ಬೇಕು. ವೈರಸ್ ಬದಲಾಗುತ್ತಿರುತ್ತದೆ, ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತದೆ. ಮಳೆಗಾಲದಲ್ಲಿ ಫ್ಲೂ ಏರುತ್ತದೆ, ರಕ್ಷಣೆ ಕೂಡಿಬರಲು ಸುಮಾರು 2 ವಾರ ಹಿಡಿಯುತ್ತದೆ. ಹಾಗಾಗಿ ಕಾರಹುಣ್ಣಿಮೆಯ ಹೊತ್ತಿಗೆ ಮುಗಿಸಿಬಿಡಿ. ಲಸಿಕೆ ಯಾವ ವರ್ಷದ್ದು ಅಂತ ಡಬ್ಬಿಯ ಮೇಲೆ ನೋಡಿಯೇ ತಗೊಳ್ಳಿ.

ಲಸಿಕೆ ಕೆಡುವುದು ದಾರಿಯಲ್ಲಿ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಬಿಸಿಲಲ್ಲಿ ಬೈಕಿನ ಡಿಕ್ಕಿಗೆ ಹಾಕಿ ತಂದರೆ ದುಡ್ಡು ದಂಡ. ಹಾಗಂತ ಐಸ್ ಪ್ಯಾಕಿಗೆ ಅಂಟಿಸಿಯೂ ಇಡಬೇಡಿ; ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಎಸೆಯಬೇಕು. ಫ್ರಿಜ್‌ನಲ್ಲಿಟ್ಟು ಅಲ್ಲೇ ಚುಚ್ಚುವ ಡಾಕ್ಟರೇ ಮೇಲು.

ತಾಯಿ ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಚುಚ್ಚಿದ ಜಾಗವನ್ನು 2 ನಿಮಿಷ ಒತ್ತಿ ಹಿಡಿಯಿರಿ, ತಿಕ್ಕಬೇಡಿ. ತೋಳುನೋವು, ಮೈಬಿಸಿ ಒಂದೆರಡು ದಿನ ಸಹಜ. ಅದು ಫ್ಲೂ ಅಲ್ಲ, ಈ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರುವುದಿಲ್ಲ.

ಲಸಿಕೆ ಹಾಕಿಸಿದರೂ ಫ್ಲೂ ಬರಬಹುದು. ವಯಸ್ಸಾದವರಿಗೆ ಕೆಲವೊಮ್ಮೆ ಜ್ವರವೇ ಕಾಣುವುದಿಲ್ಲ. ಊಟ ಬಿಡುತ್ತಾರೆ, ಗಲಿಬಿಲಿಗೊಳ್ಳುತ್ತಾರೆ. ಆಗ ಕಷಾಯ ಕುಡಿಸುತ್ತ ಕೂರಬೇಡಿ. ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್ ಗುಳಿಗೆ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ, ಡಾಕ್ಟರ ಹತ್ತಿರ ಅಂದೇ ಹೋಗಿ.